ಫಾರ್ಮ್ ಐದರೊಳಗಿನ ಬೆಂಗಳೂರು

(ರಾಜಾಜಿನಗರದಲ್ಲಿ ಸಣ್ಣ ಕೈಗಾರಿಕೆಯವರು, ಬಡಾವಣೆಗಳ ನಿವಾಸಿಗಳು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಉದ್ಯಮ ಮತ್ತು ಸಮಾಜ ಕೈಜೋಡಿಸಿದಾಗ’ ಎಂದು ಹಾಕಿದ್ದಾರೆ. ಕೈಜೋಡಿಸುವುದು ಒಳ್ಳೆಯದೇ. ಆದರೆ ಈ ಸಭಾಂಗಣದಲ್ಲಿ ಒಂದು ಕಡೆ ಪೀಣ್ಯದಲ್ಲಿ ಪ್ಲೇಟಿಂಗ್ ಶಾಪ್, ಅಂದರೆ ಲೋಹದ ಸಾಮಾನಿಗೆ ಕ್ರೋಮ್, ಜಿಂಕ್ ಲೇಪಿಸುವ ಶೆಡ್ ಇಟ್ಟುಕೊಂಡವರು ಕೂತಿದ್ದೀರಿ, ಇನ್ನೊಂದು ಕಡೆ ರಾಜರಾಜೇಶ್ವರಿ ನಗರ, ಕೆಂಗೇರಿ ಕಡೆಯ ನಿವಾಸಿಗಳು ಕೂತಿದ್ದೀರಿ. ನಿಮ್ಮಿಬ್ಬರ ನಡುವೆ ವೃಷಭಾವತಿ ಹರಿಯುತ್ತದೆ. ಮೇಲಿನವರು ಬಿಟ್ಟದ್ದು ಕೆಳಗಿನವರ ಮೂಗಿಗೆ ಬಡಿಯುತ್ತದೆ, ಅಲ್ಲಿಂದ ಬೈರಮಂಗಲದ ಕೆರೆಗೆ, ಮುಂದೆ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಹಾಗಾಗಿ ಕೈಜೋಡಿಸುವುದಕ್ಕೆ ಮೊದಲು ಸ್ವಲ್ಪ ಲೆಕ್ಕ ಮಾತಾಡೋಣ.

ಸ್ವಯಂಪ್ರೇರಿತ ಸಹಭಾಗಿತ್ವದ ಕಾರ್ಯಕ್ರಮ ಅಂದರೆ ಇಷ್ಟು: ಕಾನೂನು ಕೇಳುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ವಿಷವಸ್ತುವನ್ನು ಇಂಥ ವರ್ಷದೊಳಗೆ ಇಷ್ಟು ಕಡಿಮೆ ಮಾಡುತ್ತೇನೆ ಎಂದು ಕಾರ್ಖಾನೆ ತಾನಾಗಿ ಬರೆದುಕೊಡುತ್ತದೆ. ಸರ್ಕಾರ ದಂಡದ ಮಾತಾಡುವುದಿಲ್ಲ. ತಾಂತ್ರಿಕ ಸಲಹೆ ಕೊಡುತ್ತದೆ, ಹೆಸರು ಹಿಡಿದು ಹೊಗಳುತ್ತದೆ, ಒಂದು ಫಲಕ ಕೊಡುತ್ತದೆ. ಪರಿಸರ ಹೋರಾಟದ ಗೆಳೆಯರು ಇದನ್ನು ಕಣ್ಣೊರೆಸುವ ಆಟ ಎನ್ನುತ್ತಾರೆ. ಉದ್ಯಮ ಸಂಘಗಳವರು ಇದೊಂದೇ ದಾರಿ, ಇನ್‌ಸ್ಪೆಕ್ಟರುಗಳ ಕಾಟ ಸಾಕಾಗಿದೆ ಎನ್ನುತ್ತಾರೆ. ಇಬ್ಬರದ್ದೂ ಅರ್ಧರ್ಧ ಸರಿ ಎಂದು ಹೇಳಿ ಜಾರಿಕೊಳ್ಳುವುದು ಭಾಷಣಕಾರರ ಹಳೆಯ ಚಾಳಿ. ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ಯಾವ ಕಾರ್ಖಾನೆ ಎಷ್ಟು ಬಿಡುತ್ತದೆ ಎಂಬ ಅಂಕಿ ಜನರ ಕಣ್ಣಿಗೆ ಬೀಳುವ ಕಡೆ ಇಂಥ ಒಪ್ಪಂದಗಳಿಗೆ ಜೀವ ಬಂದಿದೆ, ಬೀಳದ ಕಡೆ ಅವು ಫಲಕಗಳಾಗಿಯೇ ಉಳಿದಿವೆ. ಬೆಂಗಳೂರಿನ ಕಾರ್ಖಾನೆಗಳು ಆ ಅಂಕಿಗಳನ್ನು ಪ್ರತಿವರ್ಷ ಫಾರ್ಮ್ ಐದು ಎಂಬ ಹೇಳಿಕೆಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದುಕೊಡುತ್ತಲೇ ಇವೆ. ನಾವು ನೋಡಿಲ್ಲ, ಅಷ್ಟೆ.

ಕಥೆ ಶುರುವಾಗುವುದು ನಮ್ಮ ದೇಶದಲ್ಲೇ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಸೋರಿತು. ಸಾವಿರಾರು ಜನ ಸತ್ತರು. ಗೋಡೆಯಾಚೆ ವಾಸವಿದ್ದವರಿಗೆ ಒಳಗೆ ಏನು ಶೇಖರಿಸಿಟ್ಟಿದ್ದಾರೆ ಎಂಬುದೇ ಗೊತ್ತಿರಲಿಲ್ಲ. ಯಾವ ವಿಷಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆ ಎಂದು ಆಸ್ಪತ್ರೆಯ ವೈದ್ಯರಿಗೂ ತಿಳಿಯಲಿಲ್ಲ. ಮರುವರ್ಷ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಅದೇ ಕಂಪನಿಯ ಕಾರ್ಖಾನೆಯಿಂದ ಬೇರೊಂದು ವಿಷಾನಿಲ ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅಲ್ಲಿನ ಸಂಸತ್ತು 1986ರಲ್ಲಿ ಒಂದು ಕಾನೂನು ಮಾಡಿತು. ಪಟ್ಟಿಯಲ್ಲಿರುವ ಮುನ್ನೂರಕ್ಕೂ ಹೆಚ್ಚು ರಾಸಾಯನಿಕಗಳಲ್ಲಿ ಯಾವುದನ್ನು ಎಷ್ಟು ಗಾಳಿಗೆ ಬಿಟ್ಟಿರಿ, ಎಷ್ಟು ನೀರಿಗೆ, ಎಷ್ಟು ನೆಲಕ್ಕೆ, ಎಷ್ಟನ್ನು ಬೇರೆಡೆಗೆ ಸಾಗಿಸಿದಿರಿ ಎಂದು ಪ್ರತಿ ಕಾರ್ಖಾನೆಯೂ ವರ್ಷಕ್ಕೊಮ್ಮೆ ಬರೆದುಕೊಡಬೇಕು, ಸರ್ಕಾರ ಅದನ್ನು ಯಾರು ಬೇಕಾದರೂ ನೋಡುವಂತೆ ಪ್ರಕಟಿಸಬೇಕು. ಅದರ ಹೆಸರು ಟಾಕ್ಸಿಕ್ಸ್ ರಿಲೀಸ್ ಇನ್ವೆಂಟರಿ, ಟಿಆರ್‌ಐ.

ಅದೇ 1986ರಲ್ಲಿ ನಾವೂ ಪರಿಸರ ಸಂರಕ್ಷಣಾ ಕಾಯ್ದೆ ಮಾಡಿದೆವು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳಿಗೊಂದು, ಅಪಾಯಕಾರಿ ತ್ಯಾಜ್ಯಕ್ಕೊಂದು ನಿಯಮಾವಳಿ ಬಂತು. 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮೆಯ ಕಾಯ್ದೆ ಬಂತು. ಎಲ್ಲವೂ ಬೇಕಾದವೇ. ಆದರೆ ಕಾರ್ಖಾನೆವಾರು ಅಂಕಿಯನ್ನು ಜನರ ಮುಂದಿಡುವ ಆ ಒಂದು ಅಂಶ ನಮ್ಮ ಕೈಗೆ ಬರಲಿಲ್ಲ. ಸತ್ತವರು ಭೋಪಾಲದವರು, ಪಾಠ ಸಿಕ್ಕಿದ್ದು ಅಮೆರಿಕದವರಿಗೆ.

ಅಮೆರಿಕದಲ್ಲಿ ಮೊದಲ ವರದಿ ಸಲ್ಲಿಸುವ ಗಡುವು 1988ರ ಜುಲೈ 1. ಅದರ ಹಿಂದಿನ ದಿನ ಮಾನ್ಸಾಂಟೊ ಕಂಪನಿಯ ಮುಖ್ಯಸ್ಥರು ಒಂದು ಘೋಷಣೆ ಮಾಡಿದರು: ನಮ್ಮ ಕಾರ್ಖಾನೆಗಳು ಗಾಳಿಗೆ ಬಿಡುವ ವಿಷವಸ್ತುಗಳನ್ನು 1992ರ ಕೊನೆಯೊಳಗೆ ಶೇ 90ರಷ್ಟು ಕಡಿಮೆ ಮಾಡುತ್ತೇವೆ. ಇಷ್ಟು ಮಾಡಿ ಎಂದು ಯಾವ ಕಾನೂನೂ ಹೇಳಿರಲಿಲ್ಲ. ಮಾನ್ಸಾಂಟೊ ಬಗ್ಗೆ ನಿಮಗೆ ಏನು ಅಭಿಪ್ರಾಯವಿದೆ ಅಂತ ನನಗೆ ಗೊತ್ತು, ನನಗೂ ಅವರ ಮೇಲೆ ವಿಶೇಷ ಪ್ರೀತಿ ಇಲ್ಲ. ಆದರೆ ದಿನಾಂಕ ಗಮನಿಸಿ. ಸಂಖ್ಯೆ ಹೊರಬೀಳುವುದಕ್ಕೆ ಒಂದು ದಿನ ಮುಂಚೆ ಸ್ವಯಂಪ್ರೇರಣೆ ಹುಟ್ಟಿತು.

1991ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಟಿಆರ್‌ಐ ಪಟ್ಟಿಯಿಂದ 17 ವಸ್ತುಗಳನ್ನು ಆರಿಸಿತು. ಬೆಂಜೀನ್, ಟಾಲ್ವೀನ್, ಕ್ಸೈಲೀನ್, ಸೀಸ, ಪಾದರಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ, ಸಯನೈಡ್, ಟ್ರೈಕ್ಲೋರೊಎಥಿಲೀನ್... ಪೀಣ್ಯದವರು ನಗುತ್ತಿದ್ದೀರಿ. ನಿಮ್ಮ ಸ್ಟೋರ್ ರೂಮಿನ ಇಂಡೆಂಟ್ ಓದಿದ ಹಾಗೆ ಇದೆ, ಅಲ್ಲವೇ? 1988ರ ಪ್ರಮಾಣಕ್ಕೆ ಹೋಲಿಸಿ 1992ರೊಳಗೆ ಶೇ 33, 1995ರೊಳಗೆ ಶೇ 50 ಇಳಿಸೋಣ ಬನ್ನಿ ಎಂದು ಸಾವಿರಾರು ಕಂಪನಿಗಳಿಗೆ ಪತ್ರ ಹೋಯಿತು. ಕಾರ್ಯಕ್ರಮದ ಹೆಸರೇ 33/50. ಸುಮಾರು 1,300 ಕಂಪನಿಗಳು ಒಪ್ಪಿದವು. ಒಪ್ಪದವರಿಗೂ ಶಿಕ್ಷೆಯಿಲ್ಲ, ಒಪ್ಪಿ ತಪ್ಪಿದವರಿಗೂ ಶಿಕ್ಷೆಯಿಲ್ಲ. ಶೇ 50ರ ಗುರಿಯನ್ನು ಒಂದು ವರ್ಷ ಮುಂಚೆಯೇ, 1994ರಲ್ಲೇ ಮುಟ್ಟಿದರು. 1988ರಲ್ಲಿ ಆ 17 ವಸ್ತುಗಳ ಒಟ್ಟು ಪ್ರಮಾಣ ಸುಮಾರು 68 ಕೋಟಿ ಕಿಲೋ ಇತ್ತು. ಅದರಲ್ಲಿ ಅರ್ಧ ಹೋಯಿತು.

ಈಗ ಇದರ ಇನ್ನೊಂದು ಮಗ್ಗುಲು. ಲೆಕ್ಕ ಶುರುವಾಗಿದ್ದು 1988ರಿಂದ, ಕಾರ್ಯಕ್ರಮ ಬಂದಿದ್ದು 1991ರಲ್ಲಿ. ನಡುವಿನ ಮೂರು ವರ್ಷ ತಾನಾಗಿ ಇಳಿದಿದ್ದೂ ಕಾರ್ಯಕ್ರಮದ ಖಾತೆಗೆ ಜಮೆಯಾಯಿತು. ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ವಸ್ತುಗಳು ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹೇಗಿದ್ದರೂ ಹೋಗಬೇಕಿತ್ತು. ಸಹಿ ಹಾಕದ ಕಂಪನಿಗಳು ಕೂಡ ಸಾಕಷ್ಟು ಕಡಿಮೆ ಮಾಡಿದ್ದವು. ಜೊತೆಗೆ, ಬಿಟ್ಟಿದ್ದೆಷ್ಟು, ಸಾಗಿಸಿದ್ದೆಷ್ಟು ಎಂದು ನೋಡಿದರೇ ಹೊರತು ಬಳಸುವುದನ್ನೇ ಕಡಿಮೆ ಮಾಡಿದಿರಾ ಎಂದು ಯಾರೂ ಒತ್ತಿ ಕೇಳಲಿಲ್ಲ. ವಿಮರ್ಶಕರು ಇಷ್ಟನ್ನೂ ಹೇಳಿ ಕಾರ್ಯಕ್ರಮವೇ ಬೊಗಳೆ ಎಂದರು. ನನಗೆ ಹಾಗನ್ನಿಸುವುದಿಲ್ಲ. ಸಹಿ ಹಾಕದವರೂ ಇಳಿಸಿದರು ಎಂಬುದೇ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು. ಅವರ ಹೆಸರೂ ಆ ಪಟ್ಟಿಯಲ್ಲಿ ಇತ್ತಲ್ಲ!

ಪಟ್ಟಿಯ ಬಲ ಇಲ್ಲದ ಕಡೆ ಏನಾಗುತ್ತದೆ ನೋಡಿ. ರಾಸಾಯನಿಕ ಉದ್ಯಮದವರೇ 1985ರಲ್ಲಿ ಕೆನಡಾದಲ್ಲಿ ‘ರೆಸ್ಪಾನ್ಸಿಬಲ್ ಕೇರ್’ ಎಂಬ ಸಂಹಿತೆ ಶುರುಮಾಡಿದರು, ಆಮೇಲೆ ಅದು ಜಗತ್ತೆಲ್ಲ ಹಬ್ಬಿತು. ಅಮೆರಿಕದ ಸದಸ್ಯ ಕಂಪನಿಗಳನ್ನು ಟಿಆರ್‌ಐ ಅಂಕಿಗಳ ಜೊತೆ ಒರೆಹಚ್ಚಿದ ಒಂದು ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಸದಸ್ಯರಲ್ಲದವರಿಗಿಂತ ಸದಸ್ಯರೇ ನಿಧಾನವಾಗಿ ಸುಧಾರಿಸುತ್ತಿದ್ದರು! ಬೋರ್ಡಿನಡಿ ನಿಂತರೆ ನೆರಳು ಸಿಗುತ್ತದೆ, ಒಳಗೆ ಯಾರೂ ಇಣುಕುವುದಿಲ್ಲ ಎಂದು ಸೇರಿದವರೇ ಹೆಚ್ಚಿದ್ದರು ಅಂತ ಕಾಣುತ್ತದೆ. ಅದೇ 2000ದಲ್ಲಿ ಅಮೆರಿಕ ಸರ್ಕಾರ ‘ಪರ್ಫಾರ್ಮೆನ್ಸ್ ಟ್ರ್ಯಾಕ್’ ಎಂದು ಇನ್ನೊಂದು ಶುರುಮಾಡಿತು, ಸೇರಿದವರಿಗೆ ತಪಾಸಣೆಯಲ್ಲಿ ರಿಯಾಯಿತಿ ಕೊಟ್ಟಿತು. ಸದಸ್ಯರಲ್ಲೇ ನಿಯಮ ಮುರಿದವರಿದ್ದಾರೆ ಎಂಬ ಆಕ್ಷೇಪ ಬಂದು 2009ರಲ್ಲಿ ಬಾಗಿಲು ಹಾಕಿತು.

ಪಿಎಫ್ಒಎ ಕಥೆ ಇನ್ನೊಂದು ಥರ. ನಾನ್‌ಸ್ಟಿಕ್ ಬಾಣಲೆಯ ಲೇಪನ ತಯಾರಿಸಲು ಬಳಸುತ್ತಿದ್ದ ಈ ವಸ್ತುವನ್ನು 2010ರೊಳಗೆ ಶೇ 95 ಇಳಿಸುತ್ತೇವೆ, 2015ರೊಳಗೆ ಪೂರ್ತಿ ಬಿಡುತ್ತೇವೆ ಎಂದು 2006ರಲ್ಲಿ ಎಂಟು ದೊಡ್ಡ ಕಂಪನಿಗಳು ಒಪ್ಪಿದವು, ಬಿಟ್ಟವು. ಅವರ ಬೆನ್ನ ಹಿಂದೆ ನ್ಯಾಯಾಲಯದ ದಾವೆಗಳಿದ್ದವು ಎಂಬುದನ್ನೂ ಮರೆಯಬಾರದು. ಅದರ ಜಾಗಕ್ಕೆ ಬಂದಿದ್ದು ಅದೇ ಕುಟುಂಬದ ಬೇರೆ ಸದಸ್ಯರು, ಈಗ ಅವುಗಳ ಮೇಲೂ ಅನುಮಾನ ಶುರುವಾಗಿದೆ. ಒಂದು ಹೆಸರನ್ನು ಪಟ್ಟಿಯಿಂದ ತೆಗೆಸಿ ಅದರ ದಾಯಾದಿಯನ್ನು ತಂದು ಕೂರಿಸುವುದು ಈ ಕ್ಷೇತ್ರದಲ್ಲಿ ಮಾಮೂಲಿ.

ಅಮೆರಿಕ ಶ್ರೀಮಂತ ದೇಶ, ನಮಗೂ ಅದಕ್ಕೂ ಏನು ಸಂಬಂಧ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸರಿ, ಇಂಡೋನೇಷ್ಯಾಕ್ಕೆ ಬರೋಣ. 1995ರಲ್ಲಿ ಅಲ್ಲಿ ಪರಿಸರ ಇಲಾಖೆಗೆ ಸಿಬ್ಬಂದಿ ಇಲ್ಲ, ದುಡ್ಡಿಲ್ಲ, ಕೋರ್ಟಿಗೆ ಹೋದರೆ ಫಲವಿಲ್ಲ. ನಮ್ಮದೇ ಪರಿಸ್ಥಿತಿ. ಅವರು ‘ಪ್ರೋಪರ್’ ಎಂಬ ಕಾರ್ಯಕ್ರಮದಲ್ಲಿ 187 ಕಾರ್ಖಾನೆಗಳಿಗೆ ಬಣ್ಣ ಕೊಟ್ಟರು: ಚಿನ್ನ, ಹಸಿರು, ನೀಲಿ, ಕೆಂಪು, ಕಪ್ಪು. ನೀಲಿ ಅಂದರೆ ಕಾನೂನಿನಷ್ಟು ಮಾಡಿದ್ದಾನೆ, ಕಪ್ಪು ಅಂದರೆ ಏನೂ ಮಾಡಿಲ್ಲ. ಜೂನ್‌ನಲ್ಲಿ ಒಳ್ಳೆಯವರ ಹೆಸರನ್ನಷ್ಟೇ ಹೇಳಿದರು. ಕೆಂಪು, ಕಪ್ಪಿನವರಿಗೆ ಗುಟ್ಟಾಗಿ ತಿಳಿಸಿ, ಡಿಸೆಂಬರ್‌ವರೆಗೆ ಸಮಯವಿದೆ, ಆಮೇಲೆ ಎಲ್ಲರ ಬಣ್ಣ ಪತ್ರಿಕೆಗೆ ಹೋಗುತ್ತದೆ ಎಂದರು. ಆ ಆರು ತಿಂಗಳಲ್ಲಿ ಹಲವು ಕಾರ್ಖಾನೆಗಳು ಬಣ್ಣ ಬದಲಿಸಿಕೊಂಡವು. ನಮ್ಮಲ್ಲೂ ಮಹಾರಾಷ್ಟ್ರದ ಮಾಲಿನ್ಯ ನಿಯಂತ್ರಣ ಮಂಡಳಿ 2017ರಲ್ಲಿ ಚಿಮಣಿಯ ಹೊಗೆಗೆ ಒಂದರಿಂದ ಐದು ನಕ್ಷತ್ರ ಕೊಟ್ಟು ಪ್ರಕಟಿಸುವ ಪದ್ಧತಿ ತಂದಿತು. ಆ ಆರು ತಿಂಗಳ ಗಡುವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ನಮ್ಮ ಕೇಂದ್ರ ಸರ್ಕಾರವೂ ಇಂಥದ್ದನ್ನು ಮಾಡಿ ನೋಡಿದೆ. 2003ರ ಮಾರ್ಚ್‌ನಲ್ಲಿ ಅತಿ ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳ ಜೊತೆ ಕೂತು ‘ಕ್ರೆಪ್’ ಎಂಬ ಸನ್ನದು ಮಾಡಿಕೊಂಡಿತು. ಸಕ್ಕರೆ, ಸಿಮೆಂಟ್, ಡಿಸ್ಟಿಲರಿ, ಔಷಧ, ಚರ್ಮ, ಎಲ್ಲರೂ ಇದ್ದರು. ಇದರಲ್ಲಿ ಗಟ್ಟಿಯಾಗಿ ನಿಂತಿದ್ದು ಕಾಸ್ಟಿಕ್ ಸೋಡಾದವರ ಮಾತು. ಪಾದರಸದ ಸೆಲ್ ಬಿಟ್ಟು ಮೆಂಬ್ರೇನ್ ಸೆಲ್‌ಗೆ ಹೋಗುತ್ತೇವೆ ಎಂದರು, ಬಹುಪಾಲು ಹೋದರು. ಕಾರಣ ಕೇಳಿದರೆ ದೇಶಭಕ್ತಿ ಎನ್ನುವವರೂ ಸಿಗುತ್ತಾರೆ. ನಿಜವಾದ ಕಾರಣ ವಿದ್ಯುತ್ ಬಿಲ್. ಮೆಂಬ್ರೇನ್ ಸೆಲ್ ಅಷ್ಟೇ ಸೋಡಾಕ್ಕೆ ಎಷ್ಟೋ ಕಡಿಮೆ ಕರೆಂಟ್ ಎಳೆಯುತ್ತದೆ. ಇಂಥ ಲಾಭವಿಲ್ಲದ ಉದ್ಯಮಗಳಲ್ಲಿ ಸನ್ನದು ಕಾಗದದಲ್ಲೇ ಉಳಿಯಿತು, ಇಲ್ಲವೇ ರಾಜ್ಯ ಮಂಡಳಿಗಳು ಅದರ ಅಂಶಗಳನ್ನು ಎತ್ತಿ ಕನ್ಸೆಂಟ್‌ನ, ಅಂದರೆ ಕಾರ್ಖಾನೆ ನಡೆಸಲು ತಾವು ಕೊಡುವ ಅನುಮತಿಯ, ಷರತ್ತುಗಳಲ್ಲಿ ಸೇರಿಸಿಬಿಟ್ಟವು. ಸ್ವಇಚ್ಛೆಯಿಂದ ಒಪ್ಪಿದ್ದು ಷರತ್ತಾಗಿ ವಾಪಸು ಬಂದಾಗ ಉದ್ಯಮದವರು ಇನ್ನೊಂದು ಸಲ ಏನನ್ನಾದರೂ ಸ್ವಇಚ್ಛೆಯಿಂದ ಒಪ್ಪುತ್ತಾರೆಯೇ? ಈ ದೂರು ನ್ಯಾಯವಾದದ್ದೇ.

ಸೀಸದ ವಿಷಯದಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅವರ ಕೆಲಸದಿಂದಾಗಿ ನಮ್ಮ ನಗರಗಳ ಮಕ್ಕಳ ರಕ್ತದಲ್ಲಿ ಎಷ್ಟು ಸೀಸವಿದೆ ಎಂಬುದು ಬೆಳಕಿಗೆ ಬಂತು. 1999ರಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಇಲ್ಲೇ. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸ ಹೋಯಿತು. ಉಳಿದಿದ್ದು ಬಣ್ಣ. ಬಣ್ಣಕ್ಕೆ ಬಿಐಎಸ್ ಮಾನದಂಡ ಇತ್ತು, ಆದರೆ ಅದು ಕಡ್ಡಾಯವಲ್ಲ. ಹೆಸರಾಂತ ದೊಡ್ಡ ಕಂಪನಿಗಳು ತಾವಾಗಿ ಸೀಸ ಬಿಟ್ಟವು, ಜಾಹೀರಾತಿನಲ್ಲಿ ಹೇಳಿಕೊಂಡವು. ಗಲ್ಲಿಯ ಅಂಗಡಿಯಲ್ಲಿ ಮಾರುವ ಅಗ್ಗದ ಎನಾಮಲ್ ಡಬ್ಬಿಗಳಲ್ಲಿ ಸೀಸ ಹಾಗೇ ಇತ್ತು, ಏಕೆಂದರೆ ಅದನ್ನು ಕೊಳ್ಳುವವರು ಸೀಸದ ಬಗ್ಗೆ ಕೇಳುತ್ತಿರಲಿಲ್ಲ. ಕೊನೆಗೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮವನ್ನು 2016ರಲ್ಲಿ ಮಾಡಿ 2017ರ ನವೆಂಬರ್‌ನಿಂದ ಜಾರಿಗೆ ತರಬೇಕಾಯಿತು. ಸ್ವಯಂಪ್ರೇರಣೆ ಮೇಲಿನ ಪದರದವರನ್ನು ಮುಟ್ಟುತ್ತದೆ, ತಳದವರಿಗೆ ನಿಯಮವೇ ಬೇಕು. ಪೀಣ್ಯದಲ್ಲಿ ಇರುವವರಲ್ಲಿ ಹೆಚ್ಚಿನವರು ಆ ಎರಡನೇ ಗುಂಪು. ಇದನ್ನು ಅವಮಾನ ಎಂದುಕೊಳ್ಳಬೇಡಿ, ಗಾತ್ರದ ಮಾತು.

ಪೀಣ್ಯದ ವಿಷಯಕ್ಕೆ ಬಂದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳಿಗೆ, ಮಾಲಿನ್ಯ ಹೆಚ್ಚಿದಷ್ಟೂ ಹೆಚ್ಚು ಎಂಬಂತೆ, ಅಂಕ ಕೊಟ್ಟಾಗ ಪೀಣ್ಯ 70ರ ಕೆಳಗೆ, ಅಂದರೆ ‘ತೀವ್ರ’ ಮಾಲಿನ್ಯದ ಗುಂಪಿನಲ್ಲಿತ್ತು. 2018ರ ಪಟ್ಟಿಯಲ್ಲಿ 70 ದಾಟಿ ‘ಗಂಭೀರ’ ಗುಂಪಿಗೆ ಬಂತು. ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಶಾಪ್‌ಗಳಲ್ಲಿ ನಾವು ‘ಹೆಕ್ಸಾ ಕ್ರೋಮ್’ ಎನ್ನುವುದು, ಸಿಕ್ಕಿರುವುದು ಹಳೆಯ ಸುದ್ದಿ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಹೆಕ್ಸಾ ಕ್ರೋಮ್ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಅನುಮಾನ ಉಳಿದಿಲ್ಲ.

ಅದು ಟ್ಯಾಂಕಿನಿಂದ ಹೊರಗೆ ಹೇಗೆ ಬರುತ್ತದೆ? ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ರ್ಯಾಕ್‌ಗೆ ಜಾಬ್, ಅಂದರೆ ಲೇಪಿಸಬೇಕಾದ ಸಾಮಾನು, ಸಿಕ್ಕಿಸಿ ಕ್ರೋಮಿಕ್ ಆಮ್ಲದ ಟ್ಯಾಂಕಿಗೆ ಇಳಿಸುತ್ತಾರೆ, ಲೇಪನ ಆದ ಮೇಲೆ ಎತ್ತುತ್ತಾರೆ. ಎತ್ತುವಾಗ ಜಾಬ್‌ನ ಮೈಗೆ, ತೂತುಗಳಿಗೆ ದ್ರಾವಣ ಅಂಟಿಕೊಂಡೇ ಬರುತ್ತದೆ. ಇದೇ ಡ್ರ್ಯಾಗ್‌ಔಟ್. ಅದನ್ನು ಮುಂದಿನ ರಿನ್ಸ್ ಟ್ಯಾಂಕಿನಲ್ಲಿ ಜಾಲಾಡಿಸುತ್ತಾರೆ. ಅಲಂಕಾರಿಕ ಕ್ರೋಮ್ ಮಾಡುವ ಶಾಪ್‌ನಲ್ಲಿ ಕೊಂಡು ತಂದ ಕ್ರೋಮಿಕ್ ಆಮ್ಲದ ದೊಡ್ಡ ಪಾಲು ಜಾಬ್ ಮೇಲೆ ಕೂರುವುದೇ ಇಲ್ಲ, ರಿನ್ಸ್ ನೀರಿಗೆ ಹೋಗುತ್ತದೆ. ಆಮೇಲೆ ತ್ಯಾಜ್ಯನೀರು ಶುದ್ಧೀಕರಿಸುವ ಘಟಕದಲ್ಲಿ, ಅಂದರೆ ಇಟಿಪಿಯಲ್ಲಿ, ಆಮ್ಲ ಹಾಕಿ ಪಿಎಚ್ ಎರಡೂವರೆಯ ಹತ್ತಿರ ತಂದು, ಮೆಟಾಬೈಸಲ್ಫೈಟ್ ಸುರಿದು ಹೆಕ್ಸಾವನ್ನು ಅಷ್ಟು ವಿಷಕಾರಿಯಲ್ಲದ ಟ್ರೈವೇಲೆಂಟ್ ಕ್ರೋಮಿಯಂ ಮಾಡಬೇಕು, ಸುಣ್ಣ ಹಾಕಿ ಗಸಿಯಾಗಿ ಇಳಿಸಬೇಕು, ಗಸಿ ಒಣಗಿಸಿ ಚೀಲಕ್ಕೆ ತುಂಬಿ ಮ್ಯಾನಿಫೆಸ್ಟ್ ಎಂಬ ಸಾಗಣೆ ಪತ್ರ ಬರೆದು ದಾಬಸ್‌ಪೇಟೆಯ ನೆಲಭರ್ತಿಗೆ ಕಳಿಸಬೇಕು. ಮಾಲೀಕರೇ, ಒಂದೇ ಕ್ರೋಮಿಯಂಗೆ ನೀವು ಮೂರು ಸಲ ದುಡ್ಡು ಕೊಡುತ್ತಿದ್ದೀರಿ: ಕೊಳ್ಳುವಾಗ, ಕೊಲ್ಲುವಾಗ, ಹೂಳುವಾಗ.

ಎತ್ತಿದ ರ್ಯಾಕನ್ನು ಟ್ಯಾಂಕಿನ ಮೇಲೇ ಹತ್ತು ಹದಿನೈದು ಸೆಕೆಂಡ್ ಹಿಡಿದರೆ ಬಹಳಷ್ಟು ದ್ರಾವಣ ಅಲ್ಲೇ ತೊಟ್ಟಿಕ್ಕಿ ವಾಪಸಾಗುತ್ತದೆ. ಹಿಡಿಯುವುದಕ್ಕೆ ಒಂದು ಅಡ್ಡ ಸರಳು ಸಾಕು. ಕೈಯಲ್ಲೇ ಹಿಡಿದಿರು ಎಂದರೆ ಪೀಸ್ ರೇಟ್ ಹುಡುಗ ಹಿಡಿಯುವುದಿಲ್ಲ, ಅವನ ತಪ್ಪಲ್ಲ. ಇನ್ನು ಜಾಲಾಡಿಸುವ ಲೆಕ್ಕ. ಗಂಟೆಗೆ ಒಂದು ಲೀಟರ್ ಡ್ರ್ಯಾಗ್‌ಔಟ್ ಬರುತ್ತಿದ್ದು ಅದು ಸಾವಿರ ಪಾಲು ತೆಳುವಾಗಬೇಕು ಅಂದುಕೊಳ್ಳಿ. ಒಂದೇ ಟ್ಯಾಂಕಾದರೆ ಗಂಟೆಗೆ ಸುಮಾರು ಸಾವಿರ ಲೀಟರ್ ನೀರು ಹರಿಯಬೇಕು. ಎರಡು ಟ್ಯಾಂಕ್ ಇಟ್ಟು ನೀರನ್ನು ಜಾಬ್‌ಗೆ ಎದುರು ದಿಕ್ಕಿನಲ್ಲಿ ಹರಿಸಿದರೆ ಸುಮಾರು 32 ಲೀಟರ್ ಸಾಕು. ಮೂರು ಟ್ಯಾಂಕಿಗೆ ಸುಮಾರು 10. ನಂಬುವುದಕ್ಕೆ ಕಷ್ಟವಾದರೆ ಮನೆಯಲ್ಲಿ ಕೇಳಿ: ಕೊನೆಯ ಬಕೆಟ್ಟಿನಲ್ಲಿ ಬಟ್ಟೆ ಜಾಲಾಡಿಸಿದ ನೀರನ್ನು ಮುಂದಿನ ಸರದಿಯ ಸೋಪಿನ ಬಟ್ಟೆಗೆ ಬಳಸುವುದು ನಮ್ಮ ತಾಯಂದಿರಿಗೆ ಯಾವ ಸಮೀಕರಣವೂ ಇಲ್ಲದೆ ಗೊತ್ತಿತ್ತು. ಟ್ಯಾಂಕರ್ ನೀರು ಕೊಂಡು ಶಾಪ್ ನಡೆಸುವ ಊರಿನಲ್ಲಿ ಇದು ದೊಡ್ಡ ಉಳಿತಾಯ. ನೀರು ಕಡಿಮೆಯಾದರೆ ಇಟಿಪಿ ಚಿಕ್ಕದಾಗುತ್ತದೆ. ಮೊದಲ ರಿನ್ಸ್ ಗಟ್ಟಿಯಾದರೆ ಅದನ್ನೇ ಪ್ಲೇಟಿಂಗ್ ಟ್ಯಾಂಕಿಗೆ ವಾಪಸು ಸುರಿಯಬಹುದು. ಆದರೆ ಆಗ ಕಲ್ಮಶವೂ ಟ್ಯಾಂಕಿಗೆ ವಾಪಸು ಬರುತ್ತದೆ, ಅದನ್ನು ನಿಭಾಯಿಸಲು ಬರಬೇಕು.

ಇಷ್ಟು ಲಾಭವಿದ್ದರೆ ಎಲ್ಲರೂ ಯಾಕೆ ಮಾಡುತ್ತಿಲ್ಲ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಮೂರನೇ ಟ್ಯಾಂಕ್ ಇಡಲು ಜಾಗವಿಲ್ಲ, ಶೆಡ್ ಬಾಡಿಗೆಯದು. ಜಾಬ್ ವರ್ಕ್ ರೇಟನ್ನು ಕೊಳ್ಳುವ ಕಂಪನಿ ವರ್ಷಾನುಗಟ್ಟಲೆ ಏರಿಸಿರುವುದಿಲ್ಲ. ಎಷ್ಟು ಪೋಲಾಗುತ್ತಿದೆ ಎಂದು ಯಾರೂ ಅಳೆದಿರುವುದಿಲ್ಲ. ಈ ಮೂರನೆಯದಕ್ಕೆ ಔಷಧ ಹುಡುಕಿಯೇ ರಾಷ್ಟ್ರೀಯ ಉತ್ಪಾದಕತಾ ಮಂಡಳಿ ತೊಂಬತ್ತರ ದಶಕದಲ್ಲಿ ‘ತ್ಯಾಜ್ಯ ಕನಿಷ್ಠೀಕರಣ ವೃತ್ತ’ಗಳನ್ನು ಶುರುಮಾಡಿತು. ಒಂದೇ ಕಸುಬಿನ ಐದಾರು ಸಣ್ಣ ಘಟಕಗಳು ಸೇರಿ, ಸರದಿ ಪ್ರಕಾರ ಒಬ್ಬರ ಶಾಪ್‌ಗೆ ಉಳಿದವರು ಹೋಗಿ, ನೀರು ಎಲ್ಲಿ ಸೋರುತ್ತಿದೆ, ರಾಸಾಯನಿಕ ಎಲ್ಲಿ ಚೆಲ್ಲುತ್ತಿದೆ ಎಂದು ನೋಡಿ ಹೇಳುವುದು. ನನ್ನ ಮಟ್ಟಿಗೆ ನಮ್ಮ ದೇಶದಲ್ಲಿ ನಡೆದ ಪ್ರಯತ್ನಗಳಲ್ಲಿ ಇದೇ ಅತ್ಯಂತ ಬುದ್ಧಿವಂತಿಕೆಯದು. ಸಲಹೆಗಾರರ ಪವರ್‌ಪಾಯಿಂಟ್‌ಗಿಂತ ಪಕ್ಕದ ಶೆಡ್ಡಿನವನ ಮಾತಿಗೆ ಬೆಲೆ ಜಾಸ್ತಿ. ತೊಡಕು ಏನೆಂದರೆ, ಪಕ್ಕದವನು ಪ್ರತಿಸ್ಪರ್ಧಿಯೂ ಹೌದು, ಲೇಪನಕ್ಕೆ ಹೊಳಪು ಕೊಡುವ ತನ್ನ ಬ್ರೈಟನರ್ ಯಾವುದು ಎಂದು ಯಾರೂ ತೋರಿಸುವುದಿಲ್ಲ. ಪ್ರಾಜೆಕ್ಟಿನ ದುಡ್ಡು ಮುಗಿದ ಮೇಲೆ ವೃತ್ತವನ್ನು ಕರೆಯುವವರೂ ಇರುವುದಿಲ್ಲ.

ಪ್ಲೇಟಿಂಗ್ ಕಸುಬಿನಲ್ಲಿ ನಿಜವಾಗಿ ಹೆಕ್ಸಾ ಕ್ರೋಮ್ ಬಿಡಿಸಿದ್ದು ಯಾರು ಗೊತ್ತೇ? ಬ್ರಸೆಲ್ಸ್‌ನವರು. ಯುರೋಪಿನ ರೋಸ್ ನಿರ್ದೇಶನ 2006ರ ಜುಲೈ 1ರಿಂದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಹೆಕ್ಸಾ ಕ್ರೋಮ್, ಸೀಸ, ಪಾದರಸ, ಕ್ಯಾಡ್ಮಿಯಂಗಳಿಗೆ ಕಡಿವಾಣ ಹಾಕಿತು, ಮರುವರ್ಷ ವಾಹನಗಳ ಬಿಡಿಭಾಗಗಳಿಗೂ ಹೆಕ್ಸಾ ಕ್ರೋಮ್ ನಿರ್ಬಂಧ ಬಂತು. ತುಕ್ಕು ತಡೆಯಲು ಜಿಂಕ್ ಮೇಲೆ ಕೊಡುತ್ತಿದ್ದ ಹೆಕ್ಸಾ ಕ್ರೋಮ್‌ನ ತೆಳು ಪದರ, ಹಳದಿ ಪ್ಯಾಸಿವೇಶನ್, ಇದ್ದಕ್ಕಿದ್ದಂತೆ ರಫ್ತಿಗೆ ಬೇಡವಾಗಿ ಟ್ರೈವೇಲೆಂಟ್ ಬಂತು. ಕೊಳ್ಳುವವನು ಪರ್ಚೇಸ್ ಆರ್ಡರಿನಲ್ಲಿ ಒಂದು ಸಾಲು ಬರೆದ, ಶಾಪ್ ಬದಲಾಯಿತು. ಆದರೆ ದೇಶದೊಳಗಿನ ಆರ್ಡರಿಗೆ ಅದೇ ಶೆಡ್ಡಿನಲ್ಲಿ ಹಳೆಯ ಟ್ಯಾಂಕೂ ಉಳಿದಿರುವುದುಂಟು. ಯುರೋಪಿನ ಗ್ರಾಹಕನಿಗೆ ಒಂದು ಬಗೆ, ಬೈರಮಂಗಲದ ರೈತನಿಗೆ ಇನ್ನೊಂದು ಬಗೆ. ಸ್ವಯಂಪ್ರೇರಿತ ಒಪ್ಪಂದವನ್ನು ಪ್ಲೇಟರ್‌ಗಳ ಜೊತೆ ಮಾಡಿಕೊಳ್ಳುವುದಕ್ಕಿಂತ, ಅವರಿಗೆ ಕೆಲಸ ಕೊಡುವ ದೊಡ್ಡ ಕಂಪನಿಗಳ ಜೊತೆ ಮಾಡಿಕೊಳ್ಳುವುದು ಮೇಲು ಎಂದು ನಾನು ಹೇಳುವುದು ಇದಕ್ಕೇ. ತಮ್ಮ ಹೆಸರಿಗೆ ಹೆದರುವವರು ಅವರು.

(ಬೆಳ್ಳಂದೂರಿನ ನೊರೆಯ ಬಗ್ಗೆ ಮೂರು ಜನ ಕೇಳಿದರು. ಅದರಲ್ಲಿ ಹೆಚ್ಚಿನ ಪಾಲು ನಮ್ಮ ನಿಮ್ಮ ಮನೆಗಳ ಚರಂಡಿ ನೀರು ಮತ್ತು ಸೋಪಿನ ಪುಡಿ. ಕಾರ್ಖಾನೆಯವರ ತಲೆಗೆ ಎಲ್ಲವನ್ನೂ ಕಟ್ಟಬಾರದು.)

ಈಗ ಫಾರ್ಮ್ ಐದು. ಪರಿಸರ ಸಂರಕ್ಷಣಾ ನಿಯಮಾವಳಿಯ ಪ್ರಕಾರ ಕನ್ಸೆಂಟ್ ಅಥವಾ ಅಪಾಯಕಾರಿ ತ್ಯಾಜ್ಯದ ಅನುಮತಿ ಬೇಕಾದ ಘಟಕಗಳು ವರ್ಷಕ್ಕೊಮ್ಮೆ, ಸೆಪ್ಟೆಂಬರ್ 30ರೊಳಗೆ, ರಾಜ್ಯ ಮಂಡಳಿಗೆ ಪರಿಸರ ಹೇಳಿಕೆ ಕೊಡಬೇಕು ಎಂಬ ಪದ್ಧತಿ ತೊಂಬತ್ತರ ದಶಕದ ಆರಂಭದಿಂದ ನಡೆದುಬಂದಿದೆ. ಅದರ ಒಳಗೇನಿದೆ ನೋಡಿ. ಭಾಗ ‘ಬಿ’ಯಲ್ಲಿ ಒಂದು ಘಟಕ ಉತ್ಪನ್ನಕ್ಕೆ ಎಷ್ಟು ನೀರು, ಎಷ್ಟು ಕಚ್ಚಾವಸ್ತು ಹಿಡಿಯಿತು, ಹೋದ ವರ್ಷ ಎಷ್ಟು, ಈ ವರ್ಷ ಎಷ್ಟು. ‘ಸಿ’ಯಲ್ಲಿ ಹೊರಬಿಟ್ಟ ಮಾಲಿನ್ಯ, ಮಿತಿಗಿಂತ ಶೇಕಡಾ ಎಷ್ಟು ವ್ಯತ್ಯಾಸ, ಯಾಕೆ. ‘ಡಿ’ಯಲ್ಲಿ ಅಪಾಯಕಾರಿ ತ್ಯಾಜ್ಯ. ‘ಜಿ’ ಭಾಗ ನನಗೆ ಅತಿ ಪ್ರಿಯ: ಮಾಲಿನ್ಯ ತಡೆಗೆ ಕೈಗೊಂಡ ಕ್ರಮಗಳಿಂದ ಉತ್ಪಾದನಾ ವೆಚ್ಚದ ಮೇಲೆ ಏನು ಪರಿಣಾಮವಾಯಿತು ಎಂದು ಅಲ್ಲಿ ಬರೆಯಬೇಕು. ಈ ಫಾರ್ಮನ್ನು ರೂಪಿಸಿದವರು ಕಾರ್ಖಾನೆ ನೋಡಿದ್ದ ಬುದ್ಧಿವಂತರು.

ಅದು ಏನಾಗಿದೆ? ಸಲಹೆಗಾರ ಹೋದ ವರ್ಷದ ಪ್ರತಿ ತೆಗೆದು ಇಸವಿ ಬದಲಿಸುತ್ತಾನೆ, ಮಾಲೀಕ ಓದದೆ ಸಹಿ ಹಾಕುತ್ತಾನೆ, ಅದು ಕಡತ ಸೇರುತ್ತದೆ. ಯಾರೂ ಓದುವುದಿಲ್ಲ ಎಂದು ಗೊತ್ತಿರುವ ಕಾಗದವನ್ನು ಯಾರು ಶ್ರದ್ಧೆಯಿಂದ ಬರೆಯುತ್ತಾರೆ? ಹೊಸ ಕಾನೂನು ಬೇಕಿಲ್ಲ. ಈ ಹೇಳಿಕೆಗಳನ್ನು ಕಾರ್ಖಾನೆವಾರು ಹುಡುಕಲು ಬರುವಂತೆ ಪ್ರಕಟಿಸಿದರೆ, ಅದರ ಮೇಲೆ ಎಂಥ ಸ್ವಯಂಪ್ರೇರಿತ ಕಾರ್ಯಕ್ರಮವನ್ನಾದರೂ ಕಟ್ಟಬಹುದು.

ಇಲ್ಲಿ ಒಬ್ಬ ಮಾಲೀಕರು ಎದ್ದು ನಿಂತು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. “ಸಾರ್, ನಾನು ನಿಜ ಬರೆದ್ರೆ ನಾಳೆ ನೋಟಿಸ್ ಬರುತ್ತೆ. ಪಕ್ಕದವನು ಸುಳ್ಳು ಬರೆದು ಆರಾಮಾಗಿರ್ತಾನೆ. ನೀವು ಹೇಳೋದು ಕೇಳೋಕೆ ಚೆನ್ನಾಗಿದೆ.” ಸಭೆಯಲ್ಲಿ ಅತಿ ಜೋರು ಚಪ್ಪಾಳೆ ಬಿದ್ದಿದ್ದು ಈ ಮಾತಿಗೆ.

ಅವರ ಭಯ ನಿಜ. ಉತ್ತರ ಎರಡು ತುಂಡಾಗಿದೆ. ಇಂಡೋನೇಷ್ಯಾದ ಆರು ತಿಂಗಳು ನೆನಪಿದೆಯಲ್ಲ? ಮೊದಲ ವರ್ಷ ನಿಜ ಬರೆದವನಿಗೆ ಸರಿಪಡಿಸಿಕೊಳ್ಳಲು ಸಮಯ ಕೊಡಬೇಕು, ಆ ಅವಧಿಯಲ್ಲಿ ಅವನದೇ ಸಂಖ್ಯೆ ಹಿಡಿದು ಅವನ ಮೇಲೆ ಕ್ರಮ ಆಗಬಾರದು. ಇದನ್ನು ಮಂಡಳಿ ಬರವಣಿಗೆಯಲ್ಲಿ ಕೊಡಬೇಕು, ಬಾಯಿಮಾತಿನಲ್ಲಿ ಅಲ್ಲ. ನಿವಾಸಿ ಸಂಘಗಳೂ ಅದಕ್ಕೆ ಒಪ್ಪಬೇಕು. ಒಪ್ಪಂದ ಅಂದಮೇಲೆ ಕೆಳಗಿನವರೂ ಏನಾದರೂ ಬಿಟ್ಟುಕೊಡಬೇಕಾಗುತ್ತದೆ. ಆದರೆ ರಾತ್ರಿ ಕದ್ದು ಟ್ಯಾಂಕರಿನಿಂದ ಮೋರಿಗೆ ಬಿಡುವವನಿಗೆ ಈ ರಕ್ಷಣೆ ಇಲ್ಲ.

ಸುಳ್ಳು ಬರೆಯುವವನ ವಿಷಯ ನೀವು ಅಂದುಕೊಂಡಷ್ಟು ಕಷ್ಟವಲ್ಲ. ಕ್ರೋಮಿಯಂ ಆವಿಯಾಗಿ ಮಾಯವಾಗುವ ವಸ್ತುವಲ್ಲ. ಕೊಂಡ ಕ್ರೋಮಿಕ್ ಆಮ್ಲದ ಬಿಲ್ ಇದೆ, ಜಿಎಸ್‌ಟಿ ಇದೆ. ಎಷ್ಟು ಚದರ ಮೀಟರ್ ಎಷ್ಟು ದಪ್ಪ ಲೇಪಿಸಿದ ಎಂಬುದು ಡೆಲಿವರಿ ಚಲನ್‌ಗಳಲ್ಲಿ ಇದೆ. ಕೊಂಡಿದ್ದರಲ್ಲಿ ಲೇಪಿಸಿದ್ದನ್ನು ಕಳೆದರೆ ಉಳಿದಿದ್ದು ಗಸಿಯಲ್ಲಿ ಇರಬೇಕು. ಗಸಿಯ ಮ್ಯಾನಿಫೆಸ್ಟ್ ಅದಕ್ಕೆ ತಾಳೆಯಾಗದಿದ್ದರೆ ಉಳಿದ ಕ್ರೋಮಿಯಂ ಮೋರಿಯಲ್ಲಿದೆ, ಇಲ್ಲವೇ ನೆಲದಲ್ಲಿದೆ. ಈ ಕೂಡಿ ಕಳೆಯುವ ಲೆಕ್ಕ ಮಾಡಲು ಪ್ರಯೋಗಾಲಯ ಬೇಡ, ಮೊದಲ ವರ್ಷದ ಬಿಇ ಹುಡುಗ ಹುಡುಗಿಯರು ಮಾಡಬಲ್ಲರು.

ಕೊನೆಗೆ ಕೆಂಗೇರಿಯ ಒಬ್ಬ ಹಿರಿಯರು, ಮಂಡಳಿ ಪ್ರಕಟಿಸುವವರೆಗೆ ನಾವು ಕಾಯುತ್ತಾ ಕೂರಬೇಕೇ ಎಂದು ಕೇಳಿದರು. ಬೇಡ ಸ್ವಾಮಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹಾಗಾಗಿ ಇಡೀ ಪೀಣ್ಯದ ಮಾಹಿತಿ ಕೊಡಿ ಎಂದು ಕೇಳಬೇಡಿ, ತಿರಸ್ಕರಿಸಲು ನೆಪ ಸಿಗುತ್ತದೆ. ನಿಮ್ಮ ಕಾಲುವೆಗೆ ಹತ್ತಿರದ ಒಂದು ಘಟಕದ ಹೆಸರು ಬರೆದು, ಅದರ ಫಾರ್ಮ್ ಐದರ ‘ಬಿ’, ‘ಸಿ’, ‘ಡಿ’ ಭಾಗಗಳ ಪ್ರತಿಯನ್ನು ಕೇಳಿ, ಚರ್ಚ್ ಸ್ಟ್ರೀಟಿನ ಪರಿಸರ ಭವನಕ್ಕೆ ಕಳಿಸಿ. ಒಂದು ವರ್ಷದ್ದು ಸಾಲದು, ಬೆನ್ನುಬೆನ್ನಿಗೆ ಮೂರು ವರ್ಷದ್ದು ಕೇಳಿ. ಮೂರೂ ವರ್ಷ ದಶಾಂಶದವರೆಗೆ ಒಂದೇ ಅಂಕಿ ಇದ್ದರೆ, ಮಂಡಳಿಗೆ ಕೇಳಬೇಕಾದ ಮೊದಲ ಪ್ರಶ್ನೆ ನಿಮ್ಮ ಕೈಗೆ ಸಿಕ್ಕಿತು.